ಹಲಸು ಕೊಯ್ದ ಮೇಲೆ

ಮಳೆಗಾಲದ ಆರಂಭಕ್ಕೆ ಊರೂರಲ್ಲಿ ಹಲಸಿನ ಮೇಳ. ಒಂದು ಮಳಿಗೆಯಲ್ಲಿ ಇಡೀ ಹಣ್ಣು, ಪಕ್ಕದಲ್ಲಿ ಬಿಡಿಸಿದ ತೊಳೆ, ಅದರಾಚೆ ಚಿಪ್ಸ್, ಹಪ್ಪಳ, ಗುಜ್ಜೆಯ (ಎಳೆ ಹಲಸಿನ) ಉಪ್ಪಿನಕಾಯಿ. ಎಲ್ಲವೂ ಒಂದೇ ಮರದ್ದಾದರೂ ಕಾನೂನು ಇವನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಸೆಕ್ಷನ್ ರೈತನನ್ನೂ ಅವನು ಹೊಲದಲ್ಲಿ ಬೆಳೆದ ಬೆಳೆಯನ್ನೂ ಹೊರಗಿಟ್ಟಿದೆ. ಆದರೆ ಅದೇ ರೈತ ಚಿಪ್ಸ್ ಕರಿದು ಪೊಟ್ಟಣ ಕಟ್ಟಿದರೆ ಆಹಾರ ತಯಾರಕನಾಗುತ್ತಾನೆ, ನೋಂದಣಿ ಮಾಡಿಸಬೇಕಾಗುತ್ತದೆ. ಹೆದರಬೇಕಾದ್ದೇನಿಲ್ಲ. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಬರೀ ನೋಂದಣಿ ಸಾಕೆಂದು ಹೇಳಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಇದು ಎಟುಕುವ ಮೊತ್ತವೇ.

ಬೆಳೆಗೂ ತಿನಿಸಿಗೂ ನಡುವೆ ಹೀಗೆ ಗೆರೆ ಎಳೆದದ್ದರಲ್ಲಿ ಅರ್ಥವಿದೆ. ಮುಳ್ಳು ಸಿಪ್ಪೆ ಗಟ್ಟಿಯಾಗಿರುವವರೆಗೆ ಹೊರಗಿನ ಸೂಕ್ಷ್ಮಜೀವಿಗಳು ಒಳಗೆ ಇಳಿಯುವುದು ಕಷ್ಟ. ಕತ್ತಿ ಬಿದ್ದ ಗಳಿಗೆಯಿಂದ ಸಿಹಿ, ತೇವ, ಕೈಯ ಸ್ಪರ್ಶ ಮೂರೂ ಒಟ್ಟಾಗುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಮೇಳದ ಮಧ್ಯಾಹ್ನ ಸರಿಯಾಗಿ ಆ ನಡುವೆಯೇ ಇರುತ್ತದೆ. ಆದ್ದರಿಂದ ತೊಳೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ, ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಮಾರುವುದು ಒಳ್ಳೆಯದು. ಮೇಣ ಅಂಟದಿರಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಮೇಣ ತೆಗೆಯಲೆಂದು ಕತ್ತಿಗೆ ಸೀಮೆಎಣ್ಣೆ ಮುಟ್ಟಿಸಲೇಬೇಡಿ.

ಹಪ್ಪಳದ ವಿಷಯದಲ್ಲಿ ನಮ್ಮ ಅಜ್ಜಿಯರೇ ವಿಜ್ಞಾನಿಗಳು. ಬಿಸಿಲು ನೀರನ್ನು ಹೀರಿದ ಮೇಲೆ ಸೂಕ್ಷ್ಮಜೀವಿಗಳಿಗೆ ಬೆಳೆಯಲು ತೇವ ಸಿಗದು. ಅರೆ ಒಣಗಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೂಸ್ಟು ಖಂಡಿತ.

ಹೆಚ್ಚು ಎಚ್ಚರ ಬೇಕಾದದ್ದು ಉಪ್ಪಿನಕಾಯಿಗೆ. ಗುಜ್ಜೆಯಲ್ಲಿ ಮಾವಿನಂಥ ಹುಳಿಯಿಲ್ಲ. ಮೇಲೆ ಎಣ್ಣೆ ನಿಂತರೆ ಕೆಡುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ, ಎಣ್ಣೆ ಗಾಳಿಯನ್ನಷ್ಟೇ ತಡೆಯುತ್ತದೆ. ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಗಾಳಿಯಿಲ್ಲದ ಜಾಗವೇ. ಅದರ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯವು. ಅದರ ವಿಷ ನರಗಳನ್ನು ಸೋಲಿಸಿ ಉಸಿರಾಟವನ್ನೇ ನಿಲ್ಲಿಸಬಲ್ಲದು. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯದು. ಹಾಗಾಗಿ ಹುಣಸೆ, ನಿಂಬೆ ಅಥವಾ ವಿನಿಗರ್, ಜತೆಗೆ ಸಾಕಷ್ಟು ಉಪ್ಪು ಬೇಕು. ಆರೋಗ್ಯದ ಹೆಸರಿನಲ್ಲಿ ಉಪ್ಪು ತಗ್ಗಿಸಿ ಮಾರುವವರು ಹುಳಿಯನ್ನು ಅಳೆದು ನೋಡಿಯೇ ಬಾಟಲಿಗೆ ತುಂಬಬೇಕು.

ಚಿಪ್ಸ್ ಕರಿಯುವ ಎಣ್ಣೆ ಕಪ್ಪಾಗಿ ನೊರೆ ಬಂದರೆ ಚೆಲ್ಲಿಬಿಡಿ. ಪೊಟ್ಟಣಕ್ಕೆ ಹಳೆಯ ಪತ್ರಿಕೆ ನಿಷಿದ್ಧ, ಬಿಸಿ ಎಣ್ಣೆಗೆ ಅದರ ಶಾಯಿ ತಿಂಡಿಗೇ ಇಳಿಯುತ್ತದೆ.

ಪೊಟ್ಟಣ, ಬಾಟಲಿಗಳಿಗೆ ಅಂಟಿಸುವ ಚೀಟಿಯ ಮೇಲೆ ಹೆಸರು, ಪದಾರ್ಥಗಳು, ತೂಕ, ವಿಳಾಸ, ತಯಾರಿಸಿದ ಹಾಗೂ ಬಳಸಬೇಕಾದ ಕೊನೆಯ ದಿನಾಂಕ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಬ್ಯಾಚ್ ಸಂಖ್ಯೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಒಂದು ಭರಣಿ ಕೆಟ್ಟಿತೆಂದು ಗೊತ್ತಾದಾಗ ಅದೇ ದಿನ ತುಂಬಿದ ಬಾಟಲಿಗಳನ್ನಷ್ಟೇ ಹುಡುಕಿ ವಾಪಸು ತರಿಸಲು ಈ ಸಂಖ್ಯೆಯೇ ಬೇಕು.