ಗಿರಣಿಯ ಗವರ್ನರು, ಕಾರಿನ ಕ್ರೂಸು

ಇಂಡಿ, ಸಿಂದಗಿ ಕಡೆ ಡೀಸೆಲ್ ಎಂಜಿನ್ನಿನ ಮೇಲೆ ಓಡುತ್ತಿದ್ದ ಹಿಟ್ಟಿನ ಗಿರಣಿಯ ಸದ್ದು ಹಿರಿಯರಿಗೆ ನೆನಪಿರುತ್ತದೆ. ಜೋಳ ಸುರಿದೊಡನೆ ಎಂಜಿನ್ನಿನ ದನಿ ಕುಗ್ಗುತ್ತಿತ್ತು, ಮರುಕ್ಷಣ ಚೇತರಿಸಿಕೊಳ್ಳುತ್ತಿತ್ತು. ಯಾರೂ ಕೈ ಹಚ್ಚುತ್ತಿರಲಿಲ್ಲ, ಅದು ಗವರ್ನರ್ ಕೆಲಸ. ವೇಗ ಇಳಿದರೆ ತಿರುಗುವ ಗುಂಡುಗಳು ಒಳಗೆ ಸರಿದು ಡೀಸೆಲ್ ಹೆಚ್ಚಿಸುತ್ತವೆ, ಏರಿದರೆ ಹೊರಗೆ ಚಾಚಿ ತಗ್ಗಿಸುತ್ತವೆ. 1788ರಲ್ಲಿ ಜೇಮ್ಸ್ ವಾಟ್ ಉಗಿ ಎಂಜಿನ್ನಿಗೆ ಅಳವಡಿಸಿದ ಉಪಾಯವಿದು. ಚಾಲಕ ಕೇಳಿದ ವೇಗವನ್ನು ತಾನೇ ಹಿಡಿದಿಡುವ, ಎಲೆಕ್ಟ್ರಿಕ್ ಕಾರಿನ ಕ್ರೂಸ್ ಕಂಟ್ರೋಲ್ ಇದೇ ವಂಶದ ಕುಡಿ.

ಕಿವಿಗೊಟ್ಟು ಕೇಳಿದವರಿಗೆ ಇನ್ನೊಂದು ಗೊತ್ತಿರುತ್ತದೆ: ಕಾಳು ಬೀಳುತ್ತಿರುವಷ್ಟು ಹೊತ್ತು ಎಂಜಿನ್ ಮೊದಲಿನ ವೇಗಕ್ಕಿಂತ ತುಸು ಕೆಳಗೇ ನಿಲ್ಲುತ್ತಿತ್ತು. ಈ ಕ್ಷಣದ ಕೊರತೆಯನ್ನಷ್ಟೇ ನೋಡುವ ಗವರ್ನರಿಗೆ ಕೊರತೆ ಪೂರ್ತಿ ನೀಗಿಸಲು ಬರುವುದಿಲ್ಲ. ಕೊರತೆ ನೀಗಿತೆಂದರೆ ಹೆಚ್ಚಿನ ಡೀಸೆಲ್ ಕೂಡ ನಿಂತುಹೋಗುತ್ತದೆ. ಕಾರಿನ ಕಂಪ್ಯೂಟರ್ ಈ ದೋಷ ಕಳೆಯಲು ಬಾಕಿ ಲೆಕ್ಕ ಇಡುತ್ತದೆ. ಹಿಂದಿನ ಕೊರತೆಯನ್ನೆಲ್ಲ ಕೂಡಿಸುತ್ತ, ವೇಗ ಕೇಳಿದಷ್ಟೇ ಆಗುವವರೆಗೆ ಮೋಟಾರಿನ ಬಲ ಏರಿಸುತ್ತದೆ. ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಸೊಗಸಾದ ಭಾಗ ಇದೇ.

ಕಾರಿಗೆ ವೇಗ ಹಿಡಿದಿಡುವ ಕಲೆ ತಂದವರಲ್ಲಿ ಮುಖ್ಯರು ಅಮೆರಿಕದ ರಾಲ್ಫ್ ಟೀಟರ್, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಎಂಜಿನಿಯರ್. ಅವರ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಅದು ಕ್ರೈಸ್ಲರ್ ಕಾರುಗಳಲ್ಲಿ ಬಂತು.

ಎಲೆಕ್ಟ್ರಿಕ್ ಕಾರಿನಲ್ಲಿ ಈ ಕೆಲಸ ಇನ್ನೂ ನಯ. ಮೋಟಾರಿನ ಒಳಗಿನ ಸೆನ್ಸರ್ ಅದು ಎಷ್ಟು ತಿರುಗಿತೆಂದು ಸೆಕೆಂಡಿಗೆ ಸಾವಿರಾರು ಸಲ ಹೇಳುತ್ತದೆ. ಗೇರ್ ಬದಲಿಸುವ ತಡವಿಲ್ಲ. ಇಳಿಜಾರಿನಲ್ಲಿ ವೇಗ ಮೀರಿದರೆ ಅದೇ ಮೋಟಾರು ಜನರೇಟರ್ ಆಗಿ ಕಾರನ್ನು ಹಿಂದೆಳೆದು ಬ್ಯಾಟರಿ ತುಂಬಿಸುತ್ತದೆ.

ಆದರೆ ಯಾವ ವೇಗವನ್ನು ಹಿಡಿಯಬೇಕು? ಸಾಮಾನ್ಯವಾಗಿ ಸೆಟ್ ಬಟನ್ ಒತ್ತಿದಾಗ ಇದ್ದ ವೇಗವನ್ನು. ಕೆಲವು ಹೊಸ ಕಾರುಗಳು ಕ್ಯಾಮರಾದಿಂದ ರಸ್ತೆ ಫಲಕ ಓದಿ ಅಥವಾ ನಕ್ಷೆ ನೋಡಿ ಆ ಮಿತಿಯನ್ನೇ ಮುಂದಿಡುತ್ತವೆ. ಫಲಕ ಮಾಸಿದ್ದರೆ, ನಕ್ಷೆ ಹಳೆಯದಾಗಿದ್ದರೆ ಅಂಕಿಯೂ ತಪ್ಪುತ್ತದೆ. ಸ್ಪೀಡೋಮೀಟರ್ ಬಗ್ಗೆಯೂ ಒಂದು ಮಾತು: ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಅದು ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ನಿಜ ವೇಗ ಗಂಟೆಗೆ 80 ಕಿಲೋಮೀಟರ್ ಇದ್ದಾಗ 92ರವರೆಗೆ ತೋರಿಸಬಹುದು. ಮೊಬೈಲ್ ನಕ್ಷೆಯ ವೇಗ ಕಾರಿನದಕ್ಕಿಂತ ಕಡಿಮೆ ಕಾಣಲು ಹೆಚ್ಚಾಗಿ ಇದೇ ಕಾರಣ.

ಮನಗೂಳಿಯಿಂದ ನಿಡಗುಂದಿ ಕಡೆಗೆ ಬಸವನ ಬಾಗೇವಾಡಿ ಸೀಮೆಯ ಬಯಲಲ್ಲಿ ಚತುಷ್ಪಥ ಹೆದ್ದಾರಿ ಬಿಚ್ಚಿಕೊಂಡಾಗ 100ಕ್ಕೆ ಸೆಟ್ ಮಾಡಲು ಆಸೆಯಾಗುತ್ತದೆ. 2018ರ ಕೇಂದ್ರದ ಅಧಿಸೂಚನೆ ಇಂಥ ರಸ್ತೆಯಲ್ಲಿ ಕಾರಿಗೆ ಕೊಟ್ಟ ಗರಿಷ್ಠ ಮಿತಿಯೂ ಅಷ್ಟೇ. ಆದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿ ಸೀಳಲು ಪ್ರತಿ ಕಿಲೋಮೀಟರಿಗೆ ಶೇಕಡಾ 56ರಷ್ಟು ಹೆಚ್ಚು ಶಕ್ತಿ ಬೇಕು. ಎರೆಹೊಲಗಳ ನಡುವೆ ಎದುರುಗಾಳಿ ಬೀಸಿದರೆ ಇನ್ನೂ ಹೆಚ್ಚು. ಚಾರ್ಜಿಂಗ್ ಜಾಗ ದೂರವಿದ್ದಾಗ ಕ್ರೂಸನ್ನು 80ಕ್ಕೆ ಇಳಿಸುವುದೇ ಜಾಣತನ.

ಸಿಂದಗಿ, ಮುದ್ದೇಬಿಹಾಳದ ಒಳರಸ್ತೆಗಳ ಮಾತೇ ಬೇರೆ. ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲದ ಚಕ್ಕಡಿ, ರಸ್ತೆಯಲ್ಲೇ ಒಣಹಾಕಿದ ಜೋಳ. ಸಾದಾ ಕ್ರೂಸಿಗೆ ಇದಾವುದೂ ಕಾಣದು. ಮುಂದಿನ ವಾಹನ ಗುರುತಿಸುವ ರಾಡಾರ್ ಇರುವ ಕಾರನ್ನೂ ಇಲ್ಲಿ ಪೂರ್ತಿ ನಂಬಬಾರದು. ಹೆದ್ದಾರಿ ಬಿಟ್ಟು ಒಳರಸ್ತೆಗೆ ಹೊರಳುವ ಮೊದಲು ಕ್ರೂಸ್ ಆಫ್ ಮಾಡಿ, ಕಾಲನ್ನು ಬ್ರೇಕಿನ ಹತ್ತಿರ ಇಡಿ.