ಯೂರಿಯಾ ಹಾಕಿ ಬೆಳೆದ ಬೆಳಕು

ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಬಿಳಿ ಮುಚ್ಚಳ ತೆಗೆದು ನೋಡಿದ್ದೀರಾ? ಒಳಗೆ ಹಳದಿ ಚುಕ್ಕೆಗಳಿರುತ್ತವೆ. ಅವುಗಳ ಅಡಿಯ ಚಿಪ್ ಕೊಡುವುದು ನೀಲಿ ಬೆಳಕು. ಮೇಲಿನ ಪುಡಿ ಅದರಲ್ಲಿ ಒಂದು ಪಾಲು ನುಂಗಿ ಹಳದಿ ಬೆಳಕು ಬಿಡುತ್ತದೆ. ಎರಡೂ ಬೆರೆತರೆ ನಮ್ಮ ಕಣ್ಣಿಗೆ ಬಿಳಿ. ಆ ಪುಡಿ ಇಟ್ರಿಯಂ, ಅಲ್ಯುಮಿನಿಯಂಗಳ ಆಕ್ಸೈಡ್ ಹರಳು. ಬೆಳಗುವುದು ಮಾತ್ರ ಅದರೊಳಗೆ ಚಿಟಿಕೆಯಷ್ಟು ಸೇರಿಸಿದ ಸೀರಿಯಂ.

ಹೀಗೆ ಸೇರಿಸುವುದೇ ಡೋಪಿಂಗ್. ಸಾರಿಗೆ ಇಂಗು ಹಾಕಿದ ಹಾಗೆ. ಇಟ್ರಿಯಂ ಆಕ್ಸೈಡ್‌ನಲ್ಲಿ ನೂರು ಇಟ್ರಿಯಂ ಅಯಾನುಗಳ ಪೈಕಿ ನಾಲ್ಕೈದರ ಜಾಗದಲ್ಲಿ ಯುರೋಪಿಯಂ ಕೂತರೆ, ಬಿಳಿ ಪುಡಿ ಯುವಿ ದೀಪದಡಿ ಕೆಂಪಗೆ ಬೆಳಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಬೆಳಕೇ? ಅಲ್ಲ. ಯುರೋಪಿಯಂ ಅಯಾನುಗಳು ಒತ್ತೊತ್ತಾಗಿ ಕೂತರೆ ಶಕ್ತಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗಿ, ಹರಳಿನ ಯಾವುದೋ ದೋಷದ ಬಳಿ ಶಾಖವಾಗಿ ಕಳೆದುಹೋಗುತ್ತದೆ.

ಬ್ಯಾಡಗಿಯವಳಾದ ನನಗೆ ಕೆಂಪಿನ ವಿಷಯದಲ್ಲಿ ತುಸು ಜಂಬ. ನಮ್ಮ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಖಾರಕ್ಕಿಂತ ಬಣ್ಣದಿಂದ. ಆದರೆ ಆ ಕೆಂಪು, ಮೇಲೆ ಬಿದ್ದ ಬೆಳಕಿನಿಂದ ಮರಳಿಸಿದ್ದು. ಈ ಪುಡಿಯ ಮೇಲೆ ಕಣ್ಣಿಗೆ ಕಾಣದ ಯುವಿ ಬಿದ್ದರೂ ಸಾಕು, ಕೆಂಪು ಬೆಳಕನ್ನು ತಾನೇ ಹುಟ್ಟಿಸುತ್ತದೆ.

ಇಂಥ ಆಕ್ಸೈಡ್‌ಗಳನ್ನು ಕರಗಿಸಿ ದೊಡ್ಡ ಹರಳು ಬೆಳೆಸಲು ಎರಡು ಸಾವಿರ ಡಿಗ್ರಿಯ ಆಸುಪಾಸಿನ ಶಾಖ ಬೇಕು. ನಮ್ಮಂಥವರ ಕೈಗೆಟುಕುವ ದಾರಿ ತೋರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1988ರಲ್ಲಿ ಅಲ್ಲಿನ ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್‌ಲಿ ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯಲ್ಲಿಡುವ ವಿಧಾನ ಪ್ರಕಟಿಸಿದರು. ದ್ರಾವಣ ಕುದಿದು, ನೊರೆಯೆದ್ದು, ಹೊತ್ತಿಕೊಳ್ಳುತ್ತದೆ. ಜ್ವಾಲೆ ಸುಮಾರು 1,600 ಡಿಗ್ರಿ ಮುಟ್ಟುತ್ತದೆ. ಐದು ನಿಮಿಷದೊಳಗೆ ಬಿಳಿ ನೊರೆಯಂಥ ಆಕ್ಸೈಡ್ ಸಿದ್ಧ! ಬೇಕಾದ ಶಾಖವನ್ನು ಯೂರಿಯಾ ಮತ್ತು ನೈಟ್ರೇಟ್ ತಾವೇ ಉರಿದು ಒದಗಿಸುತ್ತವೆ. ಡೋಪ್ ಮಾಡುವ ಲೋಹದ ನೈಟ್ರೇಟನ್ನೂ ಅದೇ ನೀರಿಗೆ ಹಾಕಿದರೆ ಅದು ಸಮನಾಗಿ ಹರಡಿಕೊಳ್ಳುತ್ತದೆ.

ಯೂರಿಯಾ ಅಂದರೆ ಗೊಬ್ಬರದಂಗಡಿಯ ಬೇವು ಲೇಪಿತ ಚೀಲವಲ್ಲ, ಶುದ್ಧವಾದದ್ದೇ ಬೇಕು. (2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆದ ಹಾವೇರಿಯಲ್ಲಿ ಆ ಪದವನ್ನು ಸುಮ್ಮನೆ ಬರೆದು ಮುಂದೆ ಹೋಗಲು ನನಗಾಗುವುದಿಲ್ಲ.)

"ಇದರಿಂದ ಹೊಟ್ಟಿ ತುಂಬತೈತೇನವ್ವಾ?" ಅಂತ ಅಪ್ಪ ಕೇಳುತ್ತಾರೆ. ರಾಣೆಬೆನ್ನೂರಿನ ಗೆಳತಿಯ ಮನೆಯಲ್ಲೂ ಇದೇ ಪ್ರಶ್ನೆ; ಅವಳು ಎಂ.ಎಸ್ಸಿ. ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನಿರ್ಧಾರ ತಪ್ಪೆನ್ನಲಾರೆ. ಪುಡಿ ಮಾಡಲು ಐದು ನಿಮಿಷ, ಆದರೆ ಅದು ಏನಾಗಿದೆ ಎಂದು ತಿಳಿಯಲು ತಿಂಗಳು ಬೇಕು. ಎಕ್ಸ್‌ರೇ, ರೋಹಿತ ಪರೀಕ್ಷೆಗಳಿಗೆ ಪೊಟ್ಟಣ ಕಟ್ಟಿ ಬೇರೆ ಊರಿಗೆ ಕಳಿಸಿ ಕಾಯಬೇಕು. ಜಿಲ್ಲೆಯ ಕಾಲೇಜುಗಳೆಲ್ಲ ಹಂಚಿಕೊಳ್ಳುವಂಥ ಒಂದು ಯಂತ್ರ ಹಾವೇರಿಯಲ್ಲಿದ್ದರೆ ಅವಳು ಉಳಿಯುತ್ತಿದ್ದಳೇನೋ.

ಸದ್ಯ ಶೇ 3, 5, 7 ಯುರೋಪಿಯಂ ಇರುವ ನನ್ನ ಮೂರು ಪೊಟ್ಟಣ ಧಾರವಾಡಕ್ಕೆ ಹೋಗಿವೆ. ವರದಿ ಬಂದ ಮೇಲೆ ನಾಲ್ಕನೆಯದನ್ನು ಸುಡಬೇಕು.