ಬಾಲೂ ಪಲ್ವಂಕರ್ ತೆರೆಗೆ ಬರುವ ಮುನ್ನ

ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಪ್ರಕಟವಾದದ್ದು 2002ರಲ್ಲಿ. ಭಾರತದ ಕ್ರಿಕೆಟ್ ಚರಿತ್ರೆಯನ್ನು ಜನಾಂಗ, ಜಾತಿ, ಧರ್ಮ, ರಾಷ್ಟ್ರ ಎಂಬ ನಾಲ್ಕು ಭಾಗಗಳಲ್ಲಿ ಹೇಳುವ ಈ ಪುಸ್ತಕವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಕೊನೆಗೂ ನಿಲ್ಲುವವನು ಒಬ್ಬ ಎಡಗೈ ಸ್ಪಿನ್ನರ್. ಅವನೇ ಪಲ್ವಂಕರ್ ಬಾಲೂ. ಈ ಪುಸ್ತಕವನ್ನು ಆಧರಿಸಿ ಬಾಲೂ ಬದುಕನ್ನು ಹಿಂದಿಯಲ್ಲಿ ಸಿನಿಮಾ ಮಾಡುವ ಸುದ್ದಿ 2024ರಲ್ಲಿ ಬಂತು. ನಿರ್ದೇಶಕರಾಗಿ ತಿಗ್ಮಾಂಶು ಧೂಲಿಯಾ, ನಾಯಕನಾಗಿ ಅಜಯ್ ದೇವಗನ್ ಹೆಸರು ಕೇಳಿಬಂತು. ‘ಪಾನ್ ಸಿಂಗ್ ತೋಮರ್’ ಮಾಡಿದ ನಿರ್ದೇಶಕ ಎಂದ ಮೇಲೆ ನಿರೀಕ್ಷೆ ಸಹಜ. ಓಟಗಾರನೊಬ್ಬ ಡಕಾಯಿತನಾದ ಕಥೆಯಲ್ಲಿ ಅವರು ಪದಕಗಳ ಆಚೆಗಿನ ಅವಮಾನವನ್ನು ಕಂಡಿದ್ದರು. ಬಾಲೂ ಕಥೆಗೆ ಬೇಕಾದದ್ದೂ ಆ ಕಣ್ಣೇ.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಚರ್ಮಕಾರ ಸಮುದಾಯದ ಕುಟುಂಬ, ತಂದೆಗೆ ಸೈನ್ಯದ ನೌಕರಿ. ಹುಡುಗ ಬೆಳೆದದ್ದು ಪುಣೆಯಲ್ಲಿ. ಕ್ರಿಕೆಟ್ ಕಲಿತದ್ದು ಬಿಳಿಯ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಲ್ಲಿ. ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವ ಕೆಲಸ ಸಿಕ್ಕಿತು, ತಿಂಗಳಿಗೆ ಮೂರು ರೂಪಾಯಿ. ಅಲ್ಲಿಂದ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ ನಾಲ್ಕು ರೂಪಾಯಿ ಆಯಿತು. ಪಿಚ್ ಉರುಳಿಸುವುದು, ಗೆರೆ ಎಳೆಯುವುದು, ನೆಟ್ ಕಟ್ಟುವುದು, ಆಮೇಲೆ ಸಾಹೇಬರಿಗೆ ಬೌಲ್ ಮಾಡುವುದು. ಜೆ.ಜಿ. ಗ್ರೆಗ್ ಎಂಬ ಅಧಿಕಾರಿ ಅಂದಿನ ಪ್ರಸಿದ್ಧ ಬ್ಯಾಟ್ಸ್‌ಮನ್. ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಬಾಲೂ ಎಸೆತಗಳನ್ನು ಗಂಟೆಗಟ್ಟಲೆ ಆಡುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಕಥೆಯೂ ಇದೆ. ಆದರೆ ಬಾಲೂ ಕೈಗೆ ಒಮ್ಮೆಯೂ ಬ್ಯಾಟ್ ಬರಲಿಲ್ಲ. ಬ್ಯಾಟಿಂಗ್ ದೊರೆಗಳ ಹಕ್ಕು, ಬೌಲಿಂಗ್ ಆಳುಗಳ ದುಡಿಮೆ.

ಸಿನಿಮಾದಿಂದ ನನ್ನ ಮೊದಲ ಬೇಡಿಕೆ ಇರುವುದು ಇಲ್ಲಿಯೇ. ‘ಲಗಾನ್’ ಚಿತ್ರದ ಕಚರಾ ಪಾತ್ರಕ್ಕೆ ಬಾಲೂ ಪ್ರೇರಣೆ ಎನ್ನುತ್ತಾರೆ. ಆ ಪಾತ್ರವನ್ನು ನಾವೆಲ್ಲ ಪ್ರೀತಿಸಿದ್ದೇವೆ. ಆದರೆ ಕಚರಾನ ಚೆಂಡು ತಿರುಗುವುದು ಅವನ ಕೈ ಊನವಾಗಿರುವುದರಿಂದ. ಅವನಿಗೆ ಅದರ ಅರಿವೂ ಇಲ್ಲ, ಇನ್ನೊಬ್ಬ ಅದನ್ನು ಕಂಡುಹಿಡಿಯಬೇಕು. ಬಾಲೂ ವಿದ್ಯೆ ಹಾಗೆ ಒದಗಿ ಬಂದದ್ದಲ್ಲ. ಬೆಳಗಿನಿಂದ ಸಂಜೆಯವರೆಗೆ ಬೌಲ್ ಮಾಡಿ, ಎದುರಿಗಿರುವವನ ಪಾದದ ಚಲನೆ ಓದಿ, ವೇಗ ಬದಲಿಸಿ, ಎರಡೂ ಕಡೆ ತಿರುಗಿಸಿ ಬೆರಳಿಗೆ ತಂದುಕೊಂಡ ವಿದ್ಯೆ. ಆ ದುಡಿಮೆ ತೆರೆಯ ಮೇಲೆ ನಿಧಾನವಾಗಿ, ಬೇಸರ ಬರುವಷ್ಟು ನಿಧಾನವಾಗಿಯಾದರೂ ಕಾಣಬೇಕು. ಹದಿಹರೆಯದ ಆ ಹುಡುಗನಿಗೆ ಹೊಸ ಮುಖವನ್ನೇ ಹುಡುಕಬೇಕು. ಐವತ್ತು ದಾಟಿದ ತಾರೆಯ ಸುಕ್ಕುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಅವನನ್ನು ತೋರಿಸಬಾರದು.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ ಹುಟ್ಟಿದಾಗ ಬಾಲೂ ಬೇಕಾದ. ಒಂದಷ್ಟು ತಕರಾರಿನ ನಂತರ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟವೂ ಬೇರೆ. ಗುಹಾ ಇದನ್ನು ದನಿ ಏರಿಸದೆ ಬರೆಯುತ್ತಾರೆ. ಹಿನ್ನೆಲೆ ಸಂಗೀತವೂ ಅಲ್ಲಿ ಅಷ್ಟೇ ಸಂಯಮ ತೋರಬೇಕು. ಮುಂಬೈಗೆ ಹೋದ ಮೇಲೆ, 1906ರಲ್ಲಿ, ಹಿಂದೂಗಳು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದರು. ಬಾಲೂ ಎರಡೂ ಇನಿಂಗ್ಸ್ ಸೇರಿ ಎಂಟು ವಿಕೆಟ್ ಪಡೆದಿದ್ದ.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಸೋತದ್ದೇ ಹೆಚ್ಚು. ಬಾಲೂ ಮಾತ್ರ 114 ವಿಕೆಟ್ ಹೊತ್ತು ತಂದ. ಲೆಸ್ಟರ್‌ಷೈರ್ ವಿರುದ್ಧದ ಗೆಲುವಿನಲ್ಲಿ ಅವನ 11 ವಿಕೆಟ್ ಇದ್ದವು, ಸಾಮರ್‌ಸೆಟ್ ವಿರುದ್ಧದ ಗೆಲುವಿನಲ್ಲಿ ತಮ್ಮ ಶಿವರಾಂ ಹೊಡೆದ ಶತಕವಿತ್ತು. ಊರಿಗೆ ಮರಳಿದವನಿಗೆ ದಲಿತ ಸಮುದಾಯ ಸನ್ಮಾನ ಮಾಡಿತು. ಆ ಸಮಾರಂಭದ ಮಾನಪತ್ರ ಬರೆದವರು ಯುವಕ ಭೀಮರಾವ್ ಅಂಬೇಡ್ಕರ್ ಎಂದು ಗುಹಾ ದಾಖಲಿಸುತ್ತಾರೆ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ. 1913ರಲ್ಲಿ ನಾಯಕನಾದ ಎಂ.ಡಿ. ಪೈ, ಆ ಗೌರವ ಬಾಲೂಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿ ಹೇಳಿದರು. 1920ರಲ್ಲಿ ಬಾಲೂನನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಂ ಮತ್ತು ವಿಠ್ಠಲ್ ಪ್ರತಿಭಟಿಸಿ ಹೊರನಡೆದರು. ಗದ್ದಲವಾಯಿತು. ಬಾಲೂನನ್ನು ಉಪನಾಯಕನನ್ನಾಗಿ ಕರೆತಂದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೊರಗೆ ಹೋಗಿ ಅವನಿಗೆ ತಂಡ ನಡೆಸಲು ಬಿಟ್ಟರು. ಆ ಸ್ವಲ್ಪ ಹೊತ್ತಿನ ನಾಯಕತ್ವವನ್ನು ತೆರೆಯ ಮೇಲೆ ನೋಡಲು ನಾನು ಕಾಯುತ್ತಿದ್ದೇನೆ. ಫೀಲ್ಡಿಂಗ್ ಬದಲಿಸಲು ಅವನು ಬೆರಳು ತೋರಿದ ಕಡೆಗೆ ಮೇಲ್ಜಾತಿಯ ಆಟಗಾರರು ಸರಿದು ನಿಲ್ಲಬೇಕಾದ ಗಳಿಗೆ ಅದು.

ಮೂರು ವರ್ಷಗಳ ನಂತರ ವಿಠ್ಠಲ್ ನಾಯಕನಾದ. ಹಿಂದೂಗಳು ಗೆದ್ದರು, ಅಭಿಮಾನಿಗಳು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಕ್ರೀಡಾ ಸಿನಿಮಾಕ್ಕೆ ಇದಕ್ಕಿಂತ ಸಲೀಸಾದ ಮುಕ್ತಾಯ ಬೇರಿಲ್ಲ. ನನ್ನ ಆತಂಕವೂ ಇದೇ.

ಯಾಕೆಂದರೆ ಪುಸ್ತಕ ಅಲ್ಲಿ ನಿಲ್ಲುವುದಿಲ್ಲ. 1932ರಲ್ಲಿ ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಸಂಧಾನಕ್ಕೆ ಓಡಾಡಿದವರಲ್ಲಿ ಬಾಲೂ ಒಬ್ಬ, ಪೂನಾ ಒಪ್ಪಂದಕ್ಕೆ ಸಹಿ ಹಾಕಿದವನೂ ಹೌದು. 1937ರ ಮುಂಬೈ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನು ನಿಲ್ಲಿಸಿದ್ದು ಅಂಬೇಡ್ಕರ್ ವಿರುದ್ಧವೇ. ಮಾನಪತ್ರ ಬರೆದವರೂ ಅದನ್ನು ಪಡೆದವನೂ ಎದುರುಬದುರು. ಸುಮಾರು ಎರಡು ಸಾವಿರ ಮತಗಳಿಂದ ಬಾಲೂ ಸೋತ. ಇಬ್ಬರಲ್ಲಿ ಒಬ್ಬರನ್ನು ಖಳನಾಗಿಸಿದರೆ ಚಿತ್ರ ಸುಳ್ಳಾಗುತ್ತದೆ. ಈ ಭಾಗವನ್ನೇ ಬಿಟ್ಟರೆ ಬಾಲೂನನ್ನು ಬರೀ ವಿಕೆಟ್ ಕೀಳುವವನಾಗಿ ಮತ್ತೊಮ್ಮೆ ಬಳಸಿಕೊಂಡಂತಾಗುತ್ತದೆ. ಹಾಡೊಂದನ್ನು ಕಡಿಮೆ ಮಾಡಲಿ, ಪಂದ್ಯವೊಂದನ್ನು ಕತ್ತರಿಸಲಿ; 1937ಕ್ಕೆ ಕನಿಷ್ಠ ಇಪ್ಪತ್ತು ನಿಮಿಷ ಕೊಡಲಿ.